ಪುಣೆಯ ಮಜೂರ ಅಡ್ಡಾದ ಬಗ್ಗೆ ನಾನು ಬರೆದ ವರದಿ: ಒಂದು ಪದ, ಒಂದು ಫೋಟೋ, ಹತ್ತು ಕಿಲೋ ಅಕ್ಕಿ

ಪತ್ರಿಕೋದ್ಯಮ ವಿದ್ಯಾರ್ಥಿನಿ, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಪತ್ರಿಕೋದ್ಯಮದ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ಒಂದು ಮಜೂರ ಅಡ್ಡಾದಲ್ಲಿ ಮೂರು ವಾರ ಬೆಳಗಿನ ಹೊತ್ತು ನಿಂತು, ಅಲ್ಲಿಗೆ ಬರುವ ಕನ್ನಡ ಮಾತಿನ ಕಟ್ಟಡ ಕೆಲಸಗಾರರ ಕುರಿತು ಒಂದು ವರದಿ ಬರೆದೆ. ಅದರ ಮರಾಠಿ ರೂಪ ಕಾಲೇಜಿನ ಪ್ರಾಯೋಗಿಕ ಪತ್ರಿಕೆಯಲ್ಲಿ ಬಂತು. ಅದನ್ನೇ ಕನ್ನಡದಲ್ಲಿ ಬರೆದು ಇಲ್ಲಿನ ಒಂದು ಮಾಸಿಕಕ್ಕೂ ಕೊಟ್ಟೆ. ಮೆಚ್ಚಿದವರು ಬಹಳ ಜನ. ಯಾರ ಬಗ್ಗೆ ಬರೆದಿದ್ದೆನೋ ಅವರು ಮಾತ್ರ ಮೆಚ್ಚಲಿಲ್ಲ. ಅದು ಏಕೆಂಬುದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ: ಈ ಗುಂಪಿನಲ್ಲಿ ಪತ್ರಿಕೆಗಳಲ್ಲಿ ದುಡಿದ ಹಿರಿಯರೂ ಇದ್ದಾರೆ, ಅಡ್ಡಾಕ್ಕೆ ಹೋಗುವವರ ಮನೆಗಳಲ್ಲಿ ಹುಟ್ಟಿ ಓದಿದವರೂ ಇದ್ದಾರೆ.

ಅಡ್ಡಾ ನೋಡದವರಿಗಾಗಿ ಎರಡು ಮಾತು. ಮುಂಬಯಿಯವರು ನಾಕಾ ಎನ್ನುವುದನ್ನೇ ಪುಣೆಯಲ್ಲಿ ಅಡ್ಡಾ ಎನ್ನುತ್ತಾರೆ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ರಸ್ತೆಯ ಅಂಚಿನಲ್ಲಿ, ಚಹಾದ ಟಪರಿಯ ಸುತ್ತ, ಇನ್ನೂರು ಮುನ್ನೂರು ಮಂದಿ ಕೈಯಲ್ಲಿ ಬುತ್ತಿಯ ಡಬ್ಬಿ ಹಿಡಿದು ನಿಂತಿರುತ್ತಾರೆ. ಗೋಡೆ ಕಟ್ಟುವ ಗವಂಡಿಗಳ ಚೀಲದಿಂದ ಕರಣಿಯ ಹಿಡಿ ಹೊರಗೆ ಇಣುಕುತ್ತಿರುತ್ತದೆ. ಕೂಲಿಯವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮನೋ ಮನೆ ರಿಪೇರಿಯ ಗಿರಾಕಿಯೋ ಬಂದು ನಿಂತರೆ ಹತ್ತು ಜನ ಸುತ್ತುವರಿಯುತ್ತಾರೆ, ಪಗಾರ ಮಾತಾಡಿಕೊಂಡು ಇಬ್ಬರು ಹೋಗುತ್ತಾರೆ, ಎಂಟು ಜನ ಮತ್ತೆ ಟಪರಿಯ ಕಡೆಗೆ ತಿರುಗುತ್ತಾರೆ. ಹತ್ತು ಗಂಟೆಯ ಮೇಲೂ ಅಲ್ಲಿ ಉಳಿದವರಿಗೆ ಆ ದಿನ ಕೆಲಸವಿಲ್ಲ. ನಾನು ನಿಂತ ಅಡ್ಡಾದಲ್ಲಿ ಕಿವಿಗೆ ಬೀಳುವ ಮಾತಿನಲ್ಲಿ ಅರ್ಧದಷ್ಟು ಕನ್ನಡವೇ ಆಗಿತ್ತು. ಅಡ್ಡಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವರದಿಯಲ್ಲಿ ಬರೆದು ಆದ ಅನುಭವ ಸಾಕು.

ನಾನು ಹೆಚ್ಚಾಗಿ ಮಾತನಾಡಿಸಿದ್ದು ಸುರಪುರ ತಾಲೂಕಿನ ಕಡೆಯ ಒಬ್ಬ ಹೆಂಗಸನ್ನು. ನಮ್ಮ ಮನೆಯ ಮಾತು ತುಳು. ತಂದೆ ಇಲ್ಲಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ, ನಾನು ಕನ್ನಡ ಕಲಿತದ್ದು ಪುಸ್ತಕ ಮತ್ತು ಪತ್ರಿಕೆಗಳಿಂದ. ಮೊದಲ ದಿನವೇ ಆಕೆ ನಕ್ಕು, “ನಿಂದು ಪೇಪರಿನ ಕನ್ನಡ ಐತಲ್ಲವ್ವಾ” ಎಂದರು. ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡೆ. ಒಂದೇ ಭಾಷೆಯಾದ್ದರಿಂದ ಒಳಗಿನವಳಾಗಿಬಿಟ್ಟೆ ಎಂಬ ಭ್ರಮೆ ಅಲ್ಲಿಂದಲೇ ಶುರುವಾಯಿತೆಂದು ಈಗ ಅನಿಸುತ್ತದೆ.

ಕನ್ನಡ ವರದಿಯ ಮೊದಲ ವಾಕ್ಯದಲ್ಲಿಯೇ ನಾನು “ಬರದಿಂದ ಬೇಸತ್ತು ಯಾದಗಿರಿ ಜಿಲ್ಲೆಯಿಂದ ಪುಣೆಗೆ ಗುಳೆ ಬಂದವರು” ಎಂದು ಬರೆದಿದ್ದೆ. ಪತ್ರಿಕೆ ಬಂದ ಮೇಲೆ ಒಂದು ಪ್ರತಿ ತೆಗೆದುಕೊಂಡು ಹೋಗಿ, ಅವರಿಗೆ ಓದು ಬಾರದ್ದರಿಂದ, ನಾನೇ ಓದಿ ಹೇಳಿದೆ. ಮೊದಲ ವಾಕ್ಯಕ್ಕೇ ಕೈ ಅಡ್ಡ ಹಿಡಿದರು. “ಗುಳೆ ಅಂದ್ರ ಹೋಗಿ ತಿರುಗಿ ಬರೂದವ್ವಾ. ಸುಗ್ಗಿಗೆ ಊರಾಗ ಇರ್ತಾರ, ಮುಗದ ಮ್ಯಾಲ ಹೋಗ್ತಾರ. ನಾ ತಿರುಗಿ ಎಲ್ಲಿಗಿ ಹೋಗ್ಲಿ? ನನ್ನ ಮಕ್ಕಳು ಇಲ್ಲೇ ಹುಟ್ಟ್ಯಾವ, ಇಲ್ಲೇ ಸಾಲಿ ಕಲ್ತಾವ, ಓಟು ಇಲ್ಲೇ ಐತಿ.” ಆಕೆ ಬಂದದ್ದು ಯಾದಗಿರಿ ಬೇರೆ ಜಿಲ್ಲೆಯಾಗುವ ಮೊದಲು. ಆ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅವರು ಪ್ರತಿ ಸಲವೂ “ಗುಲಬರ್ಗಾ ಜಿಲ್ಲಾ” ಎಂದೇ ಹೇಳಿದ್ದರು, ನಾನು ಅದನ್ನು ತಪ್ಪೆಂದು ತಿಳಿದು ತಿದ್ದಿ ಬರೆದಿದ್ದೆ. ತಿದ್ದುವ ಮುನ್ನ ಒಂದು ಕ್ಷಣ ಯೋಚಿಸಿದ್ದರೆ ಅವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆಂಬುದು ಆ ಒಂದು ಪದದಲ್ಲಿಯೇ ತಿಳಿಯುತ್ತಿತ್ತು.

ಇನ್ನು ಬರದ ಮಾತು. ಉತ್ತರ ಕರ್ನಾಟಕದ ಕೂಲಿಯವರೆಂದರೆ ಬರ ಎಂದು ಬರೆದುಬಿಡುವುದು ನಮಗೆ ಅಭ್ಯಾಸವಾಗಿದೆ. ಸುರಪುರ, ಶಹಾಪುರಗಳ ಕಡೆಗೆ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಹೋಗಿದೆ, ಅಲ್ಲಿ ಈಗ ಭತ್ತ ಬೆಳೆಯುತ್ತಾರೆ. ಅದನ್ನು ಅವರೇ ಹೇಳಿದರು: “ಕಾಲಿವಿ ಬಂತು. ಹೊಲ ಇದ್ದವರಿಗಿ ಬಂತು.” ಅವರಿಗೆ ಹೊಲವಿರಲಿಲ್ಲ. ಊರು ಬಿಟ್ಟಿದ್ದಕ್ಕೆ ಕಾರಣ ಮಳೆ ಬಾರದ್ದಲ್ಲ. ಬರ ಎಂದು ಬರೆದರೆ ದೂರು ಆಕಾಶಕ್ಕೆ ಹೋಗುತ್ತದೆ. ಭೂಮಿ ಇಲ್ಲ ಎಂದು ಬರೆದರೆ ಊರಿನಲ್ಲಿಯೇ ಯಾರಾದರೂ ಉತ್ತರ ಹೇಳಬೇಕಾಗುತ್ತದೆ. ನಾನು ಸುಲಭವಾದದ್ದನ್ನು ಬರೆದೆ.

ಎಲ್ಲಕ್ಕಿಂತ ಕೆಟ್ಟದ್ದು ಫೋಟೋದಿಂದ ಆಯಿತು. “ಫೋಟೋ ತೆಗೆಯಲಾ” ಎಂದು ಕೇಳಿದ್ದೆ, ಅವರು ಸೆರಗು ಸರಿಮಾಡಿಕೊಂಡು ತಲೆಯಾಡಿಸಿದ್ದರು. ಅದು ಎಲ್ಲಿ ಬರುತ್ತದೆ, ಯಾರ ಫೋನಿಗೆ ಹೋಗಬಹುದು ಎಂಬುದನ್ನು ನಾನು ಹೇಳಿರಲಿಲ್ಲ. ಮಾಸಿಕದ ಆ ಪುಟ ವಾಟ್ಸಾಪಿನಲ್ಲಿ ಓಡಾಡಿತು. ಹದಿನೈದು ದಿನ ಕಳೆದಿರಲಿಲ್ಲ, ನಾಲ್ಕು ಜನ ಬ್ಯಾನರ್ ಹಿಡಿದು ಅಡ್ಡಾಕ್ಕೆ ಬಂದು, ಆಕೆಯನ್ನು ಗುರುತಿಸಿ, ಎಲ್ಲರೆದುರು ಹತ್ತು ಕಿಲೋ ಅಕ್ಕಿಯ ಚೀಲ ಕೊಟ್ಟು ಮತ್ತೆ ಫೋಟೋ ತೆಗೆಸಿಕೊಂಡು ಹೋದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಕೆ ನನ್ನನ್ನು ಕೇಳಿದ್ದು ಇಷ್ಟೇ: “ನಾ ಅಕ್ಕಿ ಬೇಡಿದ್ನೇನು?” ಅಲ್ಲಿಂದೀಚೆಗೆ ಅಡ್ಡಾದ ಗಂಡಸರು “ಅಕ್ಕಿ ಅಕ್ಕ” ಎಂದು ಛೇಡಿಸುತ್ತಾರಂತೆ.

ನನ್ನ ಪ್ರಶ್ನೆ ಪುಣೆಯ ನಮಗೆಲ್ಲರಿಗೂ ಸೇರಿದ್ದು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಪುಣೆಯ ಕನ್ನಡಿಗರೆಂದರೆ ಹೋಟೆಲು, ಬ್ಯಾಂಕು, ಸಾಫ್ಟ್‌ವೇರು, ರಾಜ್ಯೋತ್ಸವ, ಯಕ್ಷಗಾನ, ಶಾಲು ಹಾರದ ಸನ್ಮಾನ. ದಿನಾ ಬೆಳಿಗ್ಗೆ ರಸ್ತೆಯಲ್ಲಿ ಕನ್ನಡ ಮಾತನಾಡುತ್ತ ನಿಲ್ಲುವ ಈ ಜನ ಆ ಲೆಕ್ಕದಲ್ಲಿಲ್ಲ, ಅವರು ಬರುವುದು ‘ನಮ್ಮವರ ಕಷ್ಟ’ ಎಂಬ ಶೀರ್ಷಿಕೆಯಡಿ ಮಾತ್ರ. ಹೀಗಿರುವಾಗ ನನ್ನಂಥವರು ಬರೆಯದೆ ಬಿಡಬೇಕೇ, ಬರೆಯುವುದಾದರೆ ಹೇಗೆ ಬರೆಯಬೇಕು?

ಹೋಟೆಲು ಉದ್ಯಮಿ, ಕೋಥರೂಡ್

ತಂಗೀ, ನಿನ್ನ ಪ್ರಾಮಾಣಿಕತೆ ಮೆಚ್ಚಿದೆ, ಆದರೆ ಕೊನೆಯ ಮಾತು ಅಷ್ಟು ಸರಿಯೆನಿಸಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಊರಿನಿಂದ ಬಂದು ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರ ತಲೆಮಾರು ನಮ್ಮದು. ಮುಂಬಯಿಯ ಫೋರ್ಟಿನಲ್ಲಿ ಹೋಟೆಲು ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೆದದ್ದು ಸಂಘಗಳ ಬೆವರಿನಿಂದ. ಈಗ ಶಾಲು ಹೊದೆಯುವವರ ಕೈಯೂ ಒಮ್ಮೆ ಬಕೀಟು ಹಿಡಿದದ್ದೇ. ಅಕ್ಕಿ ಕೊಟ್ಟವರನ್ನೂ ಅಪರಾಧಿಗಳನ್ನಾಗಿ ಮಾಡಬೇಡ. ಕೊಟ್ಟ ರೀತಿ ತಪ್ಪು, ಅದನ್ನು ಒಪ್ಪುತ್ತೇನೆ, ಬ್ಯಾನರು ಬೇಕಿರಲಿಲ್ಲ.

ನಿವೃತ್ತ ಉಪಸಂಪಾದಕ, ಮುಂಬಯಿ

ಹೋಟೆಲಿನ ಶೆಟ್ರ ಮಾತಿನಲ್ಲಿ ಸತ್ಯವಿದೆ. ಆದರೆ ಬಕೀಟು ಹಿಡಿದ ಕೈ ಪತ್ರಿಕೆಯಲ್ಲಿ ಬಂದದ್ದು ಶಾಲು ಹೊದ್ದ ಮೇಲೆಯೇ ಎಂಬುದನ್ನೂ ಅವರು ಒಪ್ಪುವರೆಂದು ನಂಬುತ್ತೇನೆ.

ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕೂತವನಾಗಿ ಒಂದು ಅಂಶವನ್ನು ಚರ್ಚಿಸಬೇಕು. ಅಚ್ಚಿಗೆ ಹೋಗುವ ಮೊದಲು ಬರಹವನ್ನು ಸಂಬಂಧಪಟ್ಟವರಿಗೆ ತೋರಿಸುವುದು ನಮ್ಮ ಕಾಲದಲ್ಲಿ ದೊಡ್ಡ ತಪ್ಪು. ಅದಕ್ಕೆ ಕಾರಣವೂ ಇತ್ತು: ಮಂತ್ರಿಗೋ ಬಿಲ್ಡರಿಗೋ ತೋರಿಸಿದರೆ ಬೇಡದ ಸಾಲೆಲ್ಲ ಹೋಗಿ ಹೊಗಳಿಕೆ ಉಳಿಯುತ್ತಿತ್ತು. ಆದರೆ ಆ ನಿಯಮ ಹುಟ್ಟಿದ್ದು ಬಲವಿದ್ದವರಿಂದ ಬರಹವನ್ನು ಕಾಪಾಡುವುದಕ್ಕೆ. ಅದನ್ನೇ ಅಡ್ಡಾದ ಹೆಂಗಸಿನ ಮೇಲೂ ಹೇರಿದರೆ, ಮಂತ್ರಿಯಾದರೆ ಮರುದಿನ ಸ್ಪಷ್ಟೀಕರಣ ಕಳುಹಿಸಬಲ್ಲ, ಆಕೆ ಎಲ್ಲಿ ಕಳುಹಿಸಬೇಕು? ಇಡೀ ವರದಿಯನ್ನು ಒಪ್ಪಿಗೆಗೆ ಇಡುವುದು ಬೇಡ. ಆಕೆ ಹೇಳಿದ ಮಾತನ್ನೂ ಆಕೆಯ ಬದುಕಿನ ಬಗ್ಗೆ ನೀನು ಬರೆದ ಸಂಗತಿಗಳನ್ನೂ ಓದಿ ಹೇಳು. ಮುಕಾದಮನ ಬಗ್ಗೆ, ಸರಕಾರದ ಬಗ್ಗೆ ಬರೆದದ್ದು ನಿನ್ನ ಜವಾಬ್ದಾರಿ. ನೀನು ಓದಿ ಹೇಳಿದ್ದು ಸರಿ, ಆದರೆ ಒಂದು ತಿಂಗಳು ತಡವಾಗಿ.

ಫೋಟೋದ ವಿಷಯದಲ್ಲಿ ಕಾನೂನಿನ ಕಡೆ ನೋಡಬೇಡ. ಮಕ್ಕಳ ಗುರುತು ಬಯಲು ಮಾಡದಂತೆ 2012ರ ಪೋಕ್ಸೊ ಕಾಯ್ದೆಯಲ್ಲೂ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಕಟ್ಟಳೆ ಇದೆ. ರಸ್ತೆಯಲ್ಲಿ ನಿಂತ ವಯಸ್ಕ ಕೂಲಿಕಾರಳ ಮುಖಕ್ಕೆ ಅಂಥ ಕಾವಲು ಇಲ್ಲ, ಕಾವಲು ನೀನೇ.

ಇನ್ನೊಂದು ನೆನಪು. ನೀನಿರುವ ಪುಣೆಯಲ್ಲಿಯೇ 1877ರಲ್ಲಿ ಕೃಷ್ಣರಾವ್ ಭಾಲೇಕರರು ‘ದೀನಬಂಧು’ ಪತ್ರಿಕೆ ಆರಂಭಿಸಿದರು. ಮುಂದೆ ನಾರಾಯಣ ಮೇಘಾಜಿ ಲೋಖಂಡೆಯವರು ಅದನ್ನು ಮುಂಬಯಿಗೆ ತಂದು ನಡೆಸಿದರು. ಅವರು ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದವರು, 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದವರು. ಅವರ ಪತ್ರಿಕೆ ಗಿರಣಿಯಲ್ಲಿ ಕೆಲಸದ ಗಂಟೆ, ರಜೆ, ಪಗಾರ ಕೊಡುವ ದಿನಾಂಕಗಳ ಬಗ್ಗೆ ಮಾತನಾಡಿತು, 1890ರಲ್ಲಿ ಗಿರಣಿಯವರಿಗೆ ಭಾನುವಾರದ ರಜೆ ಸಿಕ್ಕಿತು. ಕಾರ್ಮಿಕನ ಬಗ್ಗೆ ಬರೆಯುವಾಗ ಅವನ ಮುಖದ ಸುಕ್ಕುಗಳಿಗಿಂತ ಅವನ ಹಾಜರಿ ಪುಸ್ತಕವನ್ನು ನೋಡಬೇಕು.

ಶಿಕ್ಷಕಿ, ಅಕ್ಕಲಕೋಟದವರು, ಈಗ ಪಿಂಪರಿ

ವಿದ್ಯಾರ್ಥಿನಿಗೆ ಒಂದು ತಿದ್ದುಪಡಿ. ನಿಮ್ಮ ವರದಿಯನ್ನು ನಾನು ಓದಿದ್ದೇನೆ. ಅಲ್ಲಿ ಅಡ್ಡಾದ ಕನ್ನಡಿಗರೆಲ್ಲರನ್ನೂ ‘ಕರ್ನಾಟಕದಿಂದ ಬಂದವರು’ ಎಂದೂ ಒಂದು ಕಡೆ ‘ಹೊರರಾಜ್ಯದವರು’ ಎಂದೂ ಬರೆದಿದ್ದೀರಿ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟದಲ್ಲಿ, ಸಾಂಗಲಿ ಜಿಲ್ಲೆಯ ಜತ್ತದಲ್ಲಿ ಮನೆಮಾತು ಕನ್ನಡವಾಗಿರುವ ಹಳ್ಳಿಗಳು ಎಷ್ಟೋ ಇವೆ, ಕನ್ನಡ ಶಾಲೆಗಳೂ ಇವೆ. ಅಲ್ಲಿಂದ ಪುಣೆಗೆ ಬಂದು ಅಡ್ಡಾದಲ್ಲಿ ನಿಲ್ಲುವವನು ಸ್ವಂತ ರಾಜ್ಯ ಬಿಟ್ಟು ಬಂದವನಲ್ಲ. ಕನ್ನಡ ಮಾತನಾಡಿದ ಕೂಡಲೇ ಅವನನ್ನು ಗಡಿಯಾಚೆಗೆ ಕಳುಹಿಸುವ ಕೆಲಸವನ್ನು ಬೇರೆಯವರು ಸಾಕಷ್ಟು ಮಾಡುತ್ತಾರೆ, ನಾವೂ ಮಾಡಬೇಕಿಲ್ಲ.

ಇದು ಹೆಸರಿನ ಪ್ರಶ್ನೆ ಮಾತ್ರವಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಮಾಡಿದ, 2025ರವರೆಗೆ ಜಾರಿಯಲ್ಲಿದ್ದ ಕಾಯ್ದೆ ಅವನಿಗೆ ತಾಗುತ್ತಿರಲಿಲ್ಲ. ಜಾತಿ ಪ್ರಮಾಣಪತ್ರದ ಕಥೆ ಇನ್ನೂ ಗಟ್ಟಿ. ವಡ್ಡರು ಕರ್ನಾಟಕದಲ್ಲಿ ಭೋವಿ ಎಂದು ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ ಎಂಬ ಬೇರೆಯೇ ವರ್ಗ. ಲಂಬಾಣಿಗರದೂ ಹಾಗೆಯೇ. ಹುಟ್ಟಿದ ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ಹಿಂದೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿಯೇ ಹೇಳಿದೆ. ಹಾಗಾಗಿ ಒಂದೇ ಟಪರಿಯಲ್ಲಿ ಒಂದೇ ಕನ್ನಡದಲ್ಲಿ ಮಾತನಾಡುತ್ತ ಚಹಾ ಕುಡಿಯುವ ಇಬ್ಬರು ವಡ್ಡರ ಮಕ್ಕಳಿಗೆ ಕಾಲೇಜಿನ ಸೀಟಿನ ದಾರಿ ಬೇರೆ ಬೇರೆ. ‘ಕನ್ನಡ ಕೂಲಿಯವರು’ ಎಂದು ಒಂದೇ ಗಂಟು ಕಟ್ಟಿದರೆ ಇದು ಕಾಣುವುದೇ ಇಲ್ಲ.

ವಿದ್ಯಾರ್ಥಿನಿ

ಮೇಡಂ, ನಿಮ್ಮ ಮಾತು ನೂರಕ್ಕೆ ನೂರು ಸರಿ. ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ: ಮಾತನಾಡಿಸಿದ ಹತ್ತೊಂಬತ್ತು ಮಂದಿಯಲ್ಲಿ ಐವರು ಅಕ್ಕಲಕೋಟದವರು, ಇಬ್ಬರು ಜತ್ತದ ಕಡೆಯವರು. ಊರು ಬರೆದುಕೊಂಡಿದ್ದೇನೆ, ಅದು ಯಾವ ರಾಜ್ಯವೆಂದು ನೋಡುವ ಗೋಜಿಗೆ ಹೋಗಿಲ್ಲ.

ಗವಂಡಿಯ ಮಗ, ಹಡಪಸರ

ನಮ್ಮ ಅವ್ವ ಅಪ್ಪ ಇಬ್ಬರೂ ಅಡ್ಡಾಕ್ಕೆ ಹೋಗಿಯೇ ನನ್ನನ್ನು ಡಿಪ್ಲೊಮಾ ಓದಿಸಿದರು. ನಮ್ಮದು ವಡ್ಡರ ಮನೆ. ಹಿರಿಯರು ಇಷ್ಟು ಹೊತ್ತು ನಮ್ಮ ಬಗ್ಗೆ ಮಾತನಾಡಿದ್ದಾರೆ, ಆದ್ದರಿಂದ ನಾನೂ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ನಮ್ಮ ಆಯಿ (ಅಜ್ಜಿ) ಈಗಲೂ, ಯಾರಾದರೂ ಪೆನ್ನು ಪುಸ್ತಕ ಹಿಡಿದು ಬಂದರೆ, “ಹೆಸರು ಬರಸಬ್ಯಾಡ” ಎನ್ನುತ್ತಾಳೆ. ಆಕೆಯ ಭಯ ಸುಮ್ಮನೆ ಬಂದದ್ದಲ್ಲ. 1871ರ ಕಾಯ್ದೆಯಿಂದ ಎಷ್ಟೋ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲೆ ಮಾಡಿದ್ದರು, ಪೊಲೀಸರ ಮುಂದೆ ಹಾಜರಿ ಕೊಡಬೇಕಿತ್ತು, ಅದು ರದ್ದಾದದ್ದು 1952ರಲ್ಲಿ. ಮಹಾರಾಷ್ಟ್ರದ ವಿಮುಕ್ತರ ಪಟ್ಟಿಯಲ್ಲಿ ನಾವೂ ಇರುವುದು ಆ ಇತಿಹಾಸದಿಂದ. ಹೆಸರೇನು, ಊರು ಯಾವುದು, ಯಾವ ಜಾತಿ, ಎಷ್ಟು ಮಕ್ಕಳು ಎಂದು ವರದಿಗಾರರು ಕೇಳುವ ಕ್ರಮವೂ ಆ ದಾಖಲೆಯ ಕ್ರಮವೂ ಒಂದೇ ಎಂಬುದು ನಿಮಗೆ ಹೊಳೆದಿದೆಯೇ? ಮೊದಲು ಕೆಲಸದ ಬಗ್ಗೆ ಕೇಳಿ, ಹೆಸರು ಕೊನೆಗೆ ಬರಲಿ.

ಆದರೆ ಅವ್ವ ಇದಕ್ಕೆ ತದ್ವಿರುದ್ಧ. ಒಂದು ಸಲ ಒಬ್ಬರು ಆಕೆಯ ಬಗ್ಗೆ ಬರೆದು, ಒಳ್ಳೆಯ ಮನಸ್ಸಿನಿಂದಲೇ, ‘ಹೆಸರು ಬದಲಿಸಲಾಗಿದೆ’ ಎಂದು ಹಾಕಿದ್ದರು. ನಾನು ಓದಿ ಹೇಳಿದಾಗ ಅವ್ವ, “ನಾ ಏನು ಕಳವು ಮಾಡೀನೇನು, ಹೆಸರು ಮುಚ್ಚಾಕ?” ಎಂದಳು. ಕಷ್ಟ ಹೇಳಿದ್ದು ಆಕೆ, ಪತ್ರಿಕೆಯಲ್ಲಿ ಹೆಸರು ಬಂದದ್ದು ಬರೆದವರದ್ದು. ಹೆಸರು ಮುಚ್ಚುವುದೇ ಯಾವಾಗಲೂ ಗೌರವವೆಂದು ತಿಳಿಯಬೇಡಿ. ಒಂದೇ ಮನೆಯಲ್ಲಿ ಆಯಿಗೆ ಒಂದು ಉತ್ತರ, ಅವ್ವನಿಗೆ ಇನ್ನೊಂದು. ಪ್ರತಿಯೊಬ್ಬರನ್ನೂ ಕೇಳಬೇಕು, ಬೇರೆ ದಾರಿಯಿಲ್ಲ.

ಇನ್ನು ಏನು ಬರೆಯಬೇಕು ಎಂಬ ಪ್ರಶ್ನೆಗೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರಿಗೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯ ಹಕ್ಕು ಕೊಟ್ಟಿತು. ಅದಕ್ಕಾಗಿ ಕಟ್ಟಡದ ವೆಚ್ಚದ ಮೇಲೆ ಸೆಸ್ ಕೂಡ ವಸೂಲಿಯಾಗುತ್ತದೆ. ಸೋಮವಾರ ಒಬ್ಬನ ಹತ್ತಿರ, ಮಂಗಳವಾರ ಇನ್ನೊಬ್ಬನ ಹತ್ತಿರ ದುಡಿಯುವ ಅಡ್ಡಾದವರಿಗೆ 90 ದಿನದ ಸರ್ಟಿಫಿಕೇಟಿಗೆ ಯಾರು ಸಹಿ ಹಾಕುತ್ತಾರೆ? ಅಪ್ಪ ಅದಕ್ಕಾಗಿ ಎರಡು ದಿನದ ಪಗಾರ ಕಳೆದುಕೊಂಡು ಓಡಾಡಿದ. ನಮ್ಮ ಬಡತನದ ಬಗ್ಗೆ ಐದು ಪುಟ ಬರೆಯುತ್ತೀರಿ, ಈ ಸಹಿಯ ಬಗ್ಗೆ ಐದು ಸಾಲೂ ಬರೆಯುವುದಿಲ್ಲ. ಅಡ್ಡಾದಲ್ಲಿ ಅದನ್ನು ಬರೆದವರ ಪೇಪರನ್ನು ಮಾತ್ರ ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ.

ಅಂಗಡಿಕಾರ, ವಾಸ್ಕೊ

ಗೋವಾದಿಂದ ಒಂದು ಮಾತು ಸೇರಿಸುತ್ತೇನೆ. ವಾಸ್ಕೊದ ಬೈನಾ ಸಮುದ್ರದಂಡೆಯಲ್ಲಿ ಬಂದರು, ಕಟ್ಟಡ ಕೆಲಸಗಳಿಗೆ ಬಂದ ಕನ್ನಡಿಗರ ಮನೆಗಳು ಬಹಳ ಇದ್ದವು. ಅಲ್ಲಿ ಕೆಂಪುದೀಪದ ಪ್ರದೇಶವೂ ಇತ್ತು. 2004ರ ಜೂನಿನ ಮಳೆಯಲ್ಲಿ ಅದನ್ನು ಕೆಡವಿದರು. ಆದರೆ ಆ ಹೊತ್ತಿಗೆ ಸುದ್ದಿಗಳಲ್ಲಿ ‘ಬೈನಾ’ ಎಂಬುದೇ ಆ ದಂಧೆಯ ಹೆಸರಾಗಿಹೋಗಿತ್ತು, ಅಲ್ಲಿ ಮೀನು ಮಾರುವವಳೂ, ಬಂದರಿನಲ್ಲಿ ಮೂಟೆ ಹೊರುವವನೂ, ಶಾಲೆಗೆ ಹೋಗುವ ಹುಡುಗಿಯೂ ಅದರೊಳಗೇ ಸೇರಿಹೋದರು. ನನ್ನ ತಂಗಿ ಕೆಲಸದ ಅರ್ಜಿಯಲ್ಲಿ ವಿಳಾಸಕ್ಕೆ ಮಾವನ ಮನೆಯದನ್ನು ಬರೆಯುತ್ತಿದ್ದಳು. ಮನೆ ಕೆಡವಿದವರು ಒಂದು ದಿನ ಬಂದು ಹೋದರು, ಆ ಹೆಸರು ಹತ್ತು ವರ್ಷ ನಮ್ಮ ಜೊತೆಗಿತ್ತು. ಘಟ್ಟದಾಚೆಯಿಂದ ಬಂದವರಿಗೆ ಹಾಕುವ ಘಾಟಿ ಎಂಬ ಬೈಗುಳ ಮೊದಲೇ ಇತ್ತಲ್ಲ, ಅದರ ಮೇಲೆ ಇದೊಂದು. ಆದ್ದರಿಂದ ವಿದ್ಯಾರ್ಥಿನಿ ಅಡ್ಡಾದ ಹೆಸರು ಇಲ್ಲಿ ಹೇಳದಿದ್ದುದು ಒಳ್ಳೆಯದಾಯಿತು.

ಹೋಟೆಲು ಉದ್ಯಮಿ, ಕೋಥರೂಡ್

ಹಡಪಸರದ ತಮ್ಮಾ, 90 ದಿನದ ಸಹಿಯ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಎರಡು ಹೋಟೆಲುಗಳ ರಿಪೇರಿಗೆ ವರ್ಷವಿಡೀ ಅಡ್ಡಾದಿಂದಲೇ ಜನ ಬರುತ್ತಾರೆ. ಎಷ್ಟು ದಿನ ಕೆಲಸ ಮಾಡಿದರೆಂದು ನಾನು ಬರೆದುಕೊಟ್ಟರೆ ನಡೆಯುವುದಾದರೆ ಬರೆದುಕೊಡುತ್ತೇನೆ. ನಿನ್ನ ತಂದೆಯವರನ್ನು ಕೇಳಿ ತಿಳಿಸು.

ವಿದ್ಯಾರ್ಥಿನಿ

ಎಲ್ಲರ ಮಾತುಗಳನ್ನೂ ಓದಿದ ಮೇಲೆ ಈ ಭಾನುವಾರ ಮತ್ತೆ ಹೋಗಿದ್ದೆ, ಈ ಸಲ ಅಡ್ಡಾಕ್ಕಲ್ಲ, ಸುರಪುರದ ಆ ಹೆಂಗಸಿನ ಖೋಲಿಗೆ. ಹಡಪಸರದ ಅಣ್ಣ ಹೇಳಿದಂತೆ ಕೆಲಸದ ಬಗ್ಗೆ ಮೊದಲು ಕೇಳಿದೆ, ಆಗ ಇನ್ನೊಂದು ತಪ್ಪು ಹೊರಬಿತ್ತು. ವರದಿಯಲ್ಲಿ ಅವರನ್ನು ‘ಬಿಗಾರಿ’, ಅಂದರೆ ಗವಂಡಿಯ ಕೈಯಾಳು, ಎಂದು ಬರೆದಿದ್ದೆ. ಅಡ್ಡಾದ ಮುಕಾದಮ ಹಾಗೆ ಹೇಳಿದ್ದ. ಹೆಂಗಸರಿಗೆ ಅಲ್ಲಿ ಸಿಗುವುದು ಬಿಗಾರಿಯ ಪಗಾರವೇ. ಅವರು ಏನೂ ಮಾತನಾಡದೆ ಖೋಲಿಯ ಒಳಗೋಡೆಯ ಮೇಲೆ ನನ್ನ ಅಂಗೈ ಇಡಿಸಿದರು. ಗಾಜಿನಂತೆ ನುಣುಪಾಗಿತ್ತು. ಮೂಲೆಯಲ್ಲಿ, ಎರಡು ಗೋಡೆ ಕೂಡುವಲ್ಲಿ, ಗೆರೆ ಎಳೆದಂತೆ ನೇರವಾಗಿತ್ತು. “ಪ್ಲಾಸ್ಟರ್ ನಂದ. ಸೈಟಿನ್ಯಾಗೂ ನಾನ ಮಾಡ್ತೀನಿ. ಗವಂಡಿ ಅಂತ ಬರಿ,” ಎಂದರು. ಪಕ್ಕದ ಖೋಲಿಯ ಇಬ್ಬರು ಗವಂಡಿಗಳನ್ನು ಕೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು “ಕೆಲಸ ಆಕಿದು, ಪಗಾರ ಬಿಗಾರಿದು” ಎಂದು ಒಪ್ಪಿಕೊಂಡರು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಲು ಮಾಸಿಕದ ಸಂಪಾದಕರು ಒಪ್ಪಿದ್ದಾರೆ, ಅಂತರ್ಜಾಲದ ಸಂಚಿಕೆಯಿಂದ ಫೋಟೋ ತೆಗೆದಿದ್ದಾರೆ. 90 ದಿನದ ಸಹಿಯದು ಬೇರೆಯೇ ವರದಿ, ಅದಕ್ಕೆ ಕಾಗದಪತ್ರ ಕೂಡಿಸುತ್ತಿದ್ದೇನೆ. ತಿದ್ದುಪಡಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿದ್ದೆ, ಗವಂಡಿಯ ಮಾತನ್ನು ಅಲ್ಲೇ ಸೇರಿಸಿ ಓದಿ ಹೇಳಿದೆ: ವರದಿಯಲ್ಲಿ ಹೇಳಲಾದ ಮಹಿಳೆ ಗುಳೆ ಬಂದವರಲ್ಲ, ಪುಣೆಯ ನಿವಾಸಿ. ಅವರು ಊರು ಬಿಡಲು ಕಾರಣ ಬರವಲ್ಲ, ಭೂಮಿ ಇಲ್ಲದಿರುವುದು. ಅಡ್ಡಾದ ಕನ್ನಡಿಗರಲ್ಲಿ ಅಕ್ಕಲಕೋಟ, ಜತ್ತಗಳವರೂ ಇದ್ದಾರೆ. ಆ ಮಹಿಳೆ ಗವಂಡಿ ಕೆಲಸ ಮಾಡುತ್ತಾರೆ, ಬಿಗಾರಿಯ ಪಗಾರ ಪಡೆಯುತ್ತಾರೆ.

ಅವರು ಎರಡನೆಯ ಸಲ ಓದಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಿದು?” ಎಂದರು. ಈಗ ಐದು ಸಾಲು ಇದೆ. ಐದನೆಯದು: ಅವರು ಯಾರ ಬಳಿಯೂ ಅಕ್ಕಿ ಕೇಳಿರಲಿಲ್ಲ.